ಮೂಗಿನ ಗಿಡ

ಜ್ವರ ಹೋಯಿತು. ಹೋಗುವಾಗ
ನನ್ನ ಮೂಗನ್ನೂ ಜೊತೆಗೆ ಕೊಂಡುಹೋಯಿತು.

ಹಂಪನಕಟ್ಟೆಯ ಐಸ್‌ಕ್ರೀಮ್ ಅಂಗಡಿಯಲ್ಲಿ
ಇಪ್ಪತ್ತೆರಡು ವರ್ಷ ಫಾಲೂದ ಮಾಡಿದವನು ನಾನು,
ಪನ್ನೀರು ಒಂದು ಹನಿ ಹೆಚ್ಚಾದರೆ
ಬಾಗಿಲಲ್ಲೇ ನಿಂತು ಹೇಳುತ್ತಿದ್ದವನು.
ಈಗ ಹಾಲು ತಳ ಹಿಡಿದರೂ
ಗುಲಾಬಿ ಓಡಿ ಬಂದು ಹೇಳಬೇಕು.

ಗುಲಾಬಿ ನನ್ನ ಹೆಂಡತಿ. ಹೆಸರು ಮಾತ್ರ ಉಳಿದದ್ದು.
ಬಂಗುಡೆ ಕಾಯಿಸಿ ಬಂದು ಪಕ್ಕ ಕೂತರೂ ಒಂದೇ,
ಮಲ್ಲಿಗೆ ಮುಡಿದು ಕೂತರೂ ಒಂದೇ.

"ದಿನಾ ಏನಾದರೂ ಒಂದನ್ನು ಮೂಸಿ," ಅಂದರು
ಕಂಕನಾಡಿಯ ಡಾಕ್ಟರು. "ಬೆಳಿಗ್ಗೆ, ಸಂಜೆ. ಮೂಗಿಗೂ ಪಾಠ ಬೇಕು."
ಅಂಗಡಿಯ ಭರಣಿಯಿಂದ ಒಂದು ಚಿಟಿಕೆ
ಕಾಮಕಸ್ತೂರಿ ಬೀಜ ಕಾಗದದಲ್ಲಿ ಕಟ್ಟಿ ತಂದೆ.
ಎಷ್ಟು ಲಕ್ಷ ಬೀಜ ನೀರಲ್ಲಿ ಉಬ್ಬಿಸಿ,
ಕಪ್ಪೆಮೊಟ್ಟೆಯ ಹಾಗೆ ಮಾಡಿ,
ಯಾರ ಯಾರ ಮಕ್ಕಳ ಗಂಟಲಿಗೆ ಇಳಿಸಿದ್ದೇನೋ,
ಅದು ಗಿಡವೂ ಆಗಬಹುದೆಂದು
ಒಮ್ಮೆಯೂ ಹೊಳೆದಿರಲಿಲ್ಲ.

ಬಿಜೈಯಲ್ಲಿ ನಾಲ್ಕನೇ ಮಾಳಿಗೆ.
ಅಡುಗೆಮನೆಯ ಕಿಟಕಿಯೇ ಗದ್ದೆ.
ಎರಡು ಲೀಟರಿನ ವೆನಿಲ್ಲಾ ಡಬ್ಬ,
ಕಾದ ಮೊಳೆಯಿಂದ ತಳಕ್ಕೆ ಐದು ತೂತು,
ಕೆಳಗೊಂದು ಸ್ಟೀಲಿನ ತಟ್ಟೆ.
ಬಿಸಿಲು ನಮಗೆ ನೇರ ಸಿಗುವುದಿಲ್ಲ.
ಎದುರಿನ ಹೊಸ ಕಟ್ಟಡದ ಗಾಜಿಗೆ ಬಡಿದು
ಹತ್ತೂವರೆಗೆ ಬರುತ್ತದೆ,
ಉಪ್ಪಿನ ಭರಣಿಯಿಂದ ಗ್ಯಾಸ್ ಒಲೆಯವರೆಗೆ ನಡೆದು
ಹನ್ನೊಂದೂಕಾಲಿಗೆ ಹೊರಟುಹೋಗುತ್ತದೆ,
ಬಾಡಿಗೆ ವಸೂಲಿಗೆ ಬಂದವರ ಹಾಗೆ, ಕೂರುವುದಿಲ್ಲ.
ಡಬ್ಬ ಹಿಡಿದು ನಾನು ಅದರ ಹಿಂದೆಯೇ.

ಮೊದಲು ಎರಡೆಲೆ, ಅಂಗಿಯ ಗುಂಡಿಯನ್ನು
ಅರ್ಧ ಮಾಡಿಟ್ಟ ಹಾಗೆ. ಮತ್ತೆರಡು.
ಮೂಸಿದೆ. ನೀರು ಮೂಸಿದ ಹಾಗೆ.

ಎದುರುಮನೆಯ ಸುಗುಣಾ ಪಚ್ಚಿ ಇಣುಕಿ,
"ಎಂತ ಮಾರಾಯ್ರೆ, ತುಳಸಿಯನ್ನು ಒಲೆಯ ಬುಡದಲ್ಲಿ ಇಟ್ಟದ್ದು?"
"ತುಳಸಿ ಅಲ್ಲ ಪಚ್ಚಿ, ಅದರ ದಾಯಾದಿ."
ಕೈ ಮುಗಿಯಬೇಕೋ ಬೇಡವೋ ತಿಳಿಯದೆ
ಎತ್ತಿದ ಕೈಯಲ್ಲಿ ಸೆರಗು ಸರಿಮಾಡಿಕೊಂಡು ಹೋದರು.

ಆರೆಲೆ ಬಂದಾಗ ಕುಡಿ ಚಿವುಟಬೇಕಂತೆ,
ಒಂದು ಎರಡಾಗಲಿಕ್ಕೆ. ನನಗೆ ಕೈ ಬರಲಿಲ್ಲ.
ಗುಲಾಬಿಯದ್ದು ಹದಿನೇಳು ವರ್ಷ ಬೀಡಿ ಕಟ್ಟಿದ ಉಗುರು.
ಟಕ್ ಎಂದು ಚಿವುಟಿದಳು,
ತಿಕ್ಕಿದಳು, ಮೂಸಿದಳು, ಕಣ್ಣು ಮುಚ್ಚಿದಳು.
"ಹೇಗುಂಟು?"
"ಲವಂಗ... ಅಲ್ಲ.
ಹೊಸ ಸಾಬೂನಿನ ಕಾಗದ... ಅದೂ ಅಲ್ಲ.
ಹೋಗಿ ನೀವು, ಅದರದ್ದೇ ಪರಿಮಳ ಅದಕ್ಕೆ."

ಅಂದಿನಿಂದ ದಿನಾ ಒಂದು ಹೇಳುತ್ತಾಳೆ.
ಒಂದು ದಿನ, ದೊಡ್ಡಜೀರಿಗೆ ಇಟ್ಟ ಟ್ರಂಕು.
ಒಂದು ದಿನ, ಅವಳ ಅಕ್ಕನ ಮದುವೆಯ ಶರಬತ್ತು.
ಒಂದು ದಿನ, "ಇವತ್ತು ಪುರುಸೊತ್ತಿಲ್ಲ."
ಅವಳ ಮೂಗಿನಿಂದ ಸಾಲ ಮಾಡಿ
ನಾನು ಮೂರು ತಿಂಗಳು ಬದುಕಿದೆ.

ಪ್ರೀತಿ ಜಾಸ್ತಿಯಾಗಿ ನೀರೂ ಜಾಸ್ತಿಯಾಯಿತು.
"ಆ ತಟ್ಟೆ ಚೆಲ್ಲಿ, ನಾರುತ್ತದೆ," ಎಂದು
ವಾರದಿಂದ ಹೇಳುತ್ತಿದ್ದಳು.
"ಎಲ್ಲಿ?" ಎನ್ನುತ್ತಿದ್ದೆ.
ಕೆಲಸ ತಪ್ಪಿಸುವ ಗಂಡಸರ "ಎಲ್ಲಿ" ಅಲ್ಲ,
ನಿಜವಾದ ಎಲ್ಲಿ.

ನಿನ್ನೆ ಡಬ್ಬ ಸರಿಸಲು ಬಗ್ಗಿದೆ.
ಏನೋ ಒಂದು.
ಪಣಂಬೂರಿನಲ್ಲಿ ಹಡಗು ಕೂಗಿದ್ದು
ನಿದ್ದೆಯಲ್ಲಿ ಕೇಳಿದ ಹಾಗೆ,
ಕೇಳಿತೋ ಇಲ್ಲವೋ.
ಮತ್ತೆ ಬಗ್ಗಿದೆ.
ಪಾಚಿ. ಸತ್ತ ಹುಳು. ದಕ್ಕೆಯ ಕಲ್ಲಿನ ಸಂದು.
ಕೊಳೆತ ನೀರು!
"ಗುಲಾಬೀ, ನಾರುತ್ತದೆ! ನಾರುತ್ತದೆ ಮಾರಾಯ್ತಿ!"

ಕೈಗಂಟಿದ ತೆಂಗಿನತುರಿಯ ಸಮೇತ ಬಂದಳು.
ಬೈಯಲು ತೆರೆದ ಬಾಯಿ ಹಾಗೇ ನಿಂತಿತು.
ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು
ತೀರ್ಥದ ಹಾಗೆ ಮುಖದ ಹತ್ತಿರ ತಂದು
ನಾನು ಅಳುತ್ತಿದ್ದೆ ಎನ್ನುತ್ತಾಳೆ. ನನಗೆ ನೆನಪಿಲ್ಲ.

ಎಲೆ ಮೂಸಿದರೆ ಇನ್ನೂ ಏನೂ ಇಲ್ಲ.
ತುದಿಯಲ್ಲಿ ಹೂವಿನ ತೆನೆ ಮೂಡಿದೆ,
ಬಿಟ್ಟರೆ ಎಲೆ ಕಹಿಯಾಗುತ್ತದೆ.
ಅದನ್ನು ಚಿವುಟು, ಅಡ್ಡಿಯಿಲ್ಲ.
ಈ ನೀರು ಮಾತ್ರ ಇವತ್ತೇ ಚೆಲ್ಲಬೇಡ.
ನಾಳೆ ಬೆಳಿಗ್ಗೆ
ಇನ್ನೊಂದು ಸಲ ನೋಡಿಬಿಡುತ್ತೇನೆ.